ಆಟ ಓಡುತ್ತಿದೆ, ಐಟಂ ಮಾತ್ರ ಬರುತ್ತಿಲ್ಲ: ಆರ್ಕಿಪೆಲಗೊ ಹೊಸಬರಿಗೆ ದೋಷ ನಿವಾರಣೆ ಕೈಪಿಡಿ

ನಾಲ್ವರು ಸೇರಿ ಆಡಲು ಕೂತಿದ್ದೀರಿ. ಮೂವರ ಆಟ ಸರಾಗವಾಗಿ ನಡೆಯುತ್ತಿದೆ. ನಾಲ್ಕನೆಯವರು ಪೆಟ್ಟಿಗೆ ಮೇಲೆ ಪೆಟ್ಟಿಗೆ ತೆರೆಯುತ್ತಿದ್ದಾರೆ, ಯಾರಿಗೂ ಏನೂ ಹೋಗುತ್ತಿಲ್ಲ. ಆಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಎಲ್ಲಾ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡು." ದಯವಿಟ್ಟು ಮಾಡಬೇಡಿ. ಅದರಿಂದ ಸರಿಹೋಗುವ ದೋಷಗಳು ಬಹಳ ಕಡಿಮೆ. ಎಷ್ಟೋ ಸಲ ಎಲ್ಲರ ಬಳಿ ಇದ್ದ ಒಂದೇ ಆವೃತ್ತಿ ನಿಮ್ಮ ಬಳಿ ಮಾತ್ರ ಬೇರೆಯಾಗಿ, ಇದ್ದ ತಲೆನೋವಿನ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ರ್‍ಯಾಂಡಮೈಜರ್ ಅಂದರೆ ಒಂದು ಆಟದಲ್ಲಿ ಯಾವ ವಸ್ತು ಎಲ್ಲಿ ಸಿಗುತ್ತದೆ ಅನ್ನುವುದನ್ನು ಕಲಸಿ ಹಂಚುವ ವಿಧಾನ. ಆರ್ಕಿಪೆಲಗೊ ಈ ಕಲಸುವಿಕೆಯನ್ನು ಹಲವರ ಹಲವು ಆಟಗಳ ನಡುವೆ ಮಾಡುತ್ತದೆ. ನಿಮ್ಮ ಹಾಲೋ ನೈಟ್ ಆಟಕ್ಕೆ ಬೇಕಾದ ಶಕ್ತಿ ಗೆಳೆಯನ ಸೂಪರ್ ಮೆಟ್ರಾಯ್ಡ್‌ನ ಯಾವುದೋ ಮೂಲೆಯಲ್ಲಿರಬಹುದು. ಅವನು ಅಲ್ಲಿಗೆ ಹೋಗಿ ಎತ್ತಿಕೊಂಡ ಕ್ಷಣ ಅದು ನಿಮ್ಮ ಕೈಗೆ ಬರುತ್ತದೆ. ವಸ್ತು ಸಿಗುವ ಪ್ರತಿ ಜಾಗಕ್ಕೆ "ಚೆಕ್", ಒಬ್ಬ ಆಟಗಾರನ ಪಾಲಿಗೆ "ಸ್ಲಾಟ್", ಒಮ್ಮೆ ಕಲಸಿದ ಹಂಚಿಕೆಗೆ "ಸೀಡ್" ಅನ್ನುತ್ತಾರೆ. ಇನ್ನೊಂದು ವಿಷಯ: ಕೆಳಗೆ ಆಜ್ಞೆಗಳನ್ನೂ ದೋಷ ಸಂದೇಶಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಮೊದಲು ದೋಷವನ್ನು ಎರಡು ಹೋಳು ಮಾಡಿ

ಈ ಇಡೀ ವ್ಯವಸ್ಥೆ ಒಂದು ಸರಪಳಿ. ನಿಮ್ಮ ಆಟದ ಆಯ್ಕೆಗಳನ್ನು ನೀವು ಬರೆದ ಯಾಮಲ್ ಫೈಲ್, ಎಲ್ಲರ ಫೈಲ್ ಸೇರಿಸಿ ತಯಾರಾದ ಸೀಡ್, ಅದನ್ನು ಹಿಡಿದು ಕೂತ ಸರ್ವರ್, ಸರ್ವರ್ ಜೊತೆ ಮಾತಾಡುವ ಕ್ಲೈಂಟ್, ಕೊನೆಗೆ ಆಟ. ಐದರಲ್ಲಿ ಎಲ್ಲಿ ಕಡಿದರೂ ಹೊರಗೆ ಕಾಣುವ ಲಕ್ಷಣ ಒಂದೇ: ಐಟಂ ಬರುತ್ತಿಲ್ಲ.

ಹೋಳು ಮಾಡಲು ಬೇಕಾದ ಕತ್ತಿ ಆರ್ಕಿಪೆಲಗೊ ಲಾಂಚರ್ ಒಳಗೇ ಇದೆ, ಅದರ ಹೆಸರು ಟೆಕ್ಸ್ಟ್ ಕ್ಲೈಂಟ್. ಅದಕ್ಕೆ ಆಟವೂ ಬೇಡ, ಎಮ್ಯುಲೇಟರೂ (ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ) ಬೇಡ. ಸರ್ವರ್ ವಿಳಾಸ, ಪೋರ್ಟ್, ನಿಮ್ಮ ಸ್ಲಾಟ್ ಹೆಸರು ಕೊಟ್ಟರೆ ಸಾಕು, ಯಾವ ಆಟದ ಸ್ಲಾಟ್ ಆದರೂ ಒಳಗೆ ಬಿಡುತ್ತದೆ. ಒಂದೇ ಸ್ಲಾಟ್‌ಗೆ ಆಟದ ಕ್ಲೈಂಟೂ ಟೆಕ್ಸ್ಟ್ ಕ್ಲೈಂಟೂ ಒಟ್ಟಿಗೆ ಕನೆಕ್ಟ್ ಆಗಬಹುದು, ಹಾಗಾಗಿ ಅಂಜಿಕೆ ಬೇಡ. ಇದು ಕನೆಕ್ಟ್ ಆಯಿತು ಅಂದರೆ ಸೀಡ್, ಸರ್ವರ್, ಹೆಸರು, ಪೋರ್ಟ್ ಎಲ್ಲಾ ಸರಿ ಇವೆ, ದೋಷ ಆಟದ ಕಡೆ ಇದೆ, ನಿಮ್ಮದೋ ಗೆಳೆಯನದೋ. ಆಗಲಿಲ್ಲ ಅಂದರೆ ಆಟವನ್ನು ಮುಟ್ಟಲೇ ಬೇಡಿ, ಅದರ ತಪ್ಪೇನೂ ಇಲ್ಲ.

ಕನೆಕ್ಟ್ ಆದ ಮೇಲೆ "/ರಿಸೀವ್ಡ್" ಅಂತ ಟೈಪ್ ಮಾಡಿ. ಸರ್ವರ್ ನಿಮಗೆ ಇದುವರೆಗೆ ಕಳಿಸಿದ ಐಟಂಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿದ್ದು ಆಟದಲ್ಲಿ ಇಲ್ಲದಿದ್ದರೆ ಕ್ಲೈಂಟ್‌ನಿಂದ ಆಟದೊಳಗೆ ಬರುವ ದಾರಿ ಕಟ್ಟಿಕೊಂಡಿದೆ. ಪಟ್ಟಿಯಲ್ಲೇ ಇಲ್ಲದಿದ್ದರೆ ಗೆಳೆಯನ ಚೆಕ್ ಸರ್ವರ್ ತನಕ ತಲುಪಿಲ್ಲ, ಅಂದರೆ ಹುಡುಕಬೇಕಾದದ್ದು ಅವನ ಕಂಪ್ಯೂಟರಿನಲ್ಲಿ. ಈ ಒಂದು ಪರೀಕ್ಷೆಗೆ ಎರಡು ನಿಮಿಷವೂ ಬೇಡ. ನಾನು ನೋಡಿದ ಹೆಚ್ಚಿನ ಗೋಜಲುಗಳು ಇಲ್ಲೇ ಅರ್ಧ ಬಿಚ್ಚಿಕೊಂಡಿವೆ.

ಸೀಡೇ ತಯಾರಾಗುವುದಿಲ್ಲ

ಪ್ಲೇಯರ್ಸ್ ಫೋಲ್ಡರ್‌ನಲ್ಲಿ ಎಲ್ಲರ ಯಾಮಲ್ ಹಾಕಿ ಜನರೇಟ್ ಒತ್ತಿದಿರಿ, ಕಪ್ಪು ಕಿಟಕಿ ತುಂಬಾ ಅಕ್ಷರ ಸುರಿದು ನಿಂತಿತು. ಮೇಲಿಂದ ಓದಲು ಹೋದರೆ ತಲೆ ಕೆಡುತ್ತದೆ, ಕೆಳಗಿಂದ ಓದಿ. ಏನಾಯಿತು ಅನ್ನುವುದು ಕಟ್ಟಕಡೆಯ ಸಾಲುಗಳಲ್ಲಿ ಇರುತ್ತದೆ. ಎಷ್ಟೋ ಸಲ ಯಾವ ಆಟಗಾರ ಅಂತ ಹೆಸರನ್ನೂ ಹೇಳಿಬಿಡುತ್ತದೆ. ಕಿಟಕಿ ಮುಚ್ಚಿಹೋಗಿದ್ದರೆ ಲಾಗ್ಸ್ ಫೋಲ್ಡರ್‌ನಲ್ಲಿ ಅದೇ ಬರಹ ಉಳಿದಿರುತ್ತದೆ.

ಯಾಮಲ್‌ನ ತಪ್ಪುಗಳು ಕಣ್ಣಿಗೆ ಕಾಣದಂಥವು. ಸಾಲಿನ ಮುಂದಿನ ಜಾಗ ಬಿಡಲು ಟ್ಯಾಬ್ ಒತ್ತುವಂತಿಲ್ಲ, ಸ್ಪೇಸ್‌ಗಳೇ ಬೇಕು. ಕೋಲನ್ ಆದ ಮೇಲೆ ಒಂದು ಸ್ಪೇಸ್ ಇರಲೇಬೇಕು. "ನೇಮ್" ಎಂಬ ಪದದ ಕೋಲನ್‌ಗೆ ಅಂಟಿಸಿ ಹೆಸರು ಬರೆದರೆ ಅದು ಹೆಸರಿನ ಸಾಲು ಅಂತ ಯಂತ್ರಕ್ಕೆ ತಿಳಿಯುವುದೇ ಇಲ್ಲ. ಎರಡನ್ನೂ ಕೂಡಿಸಿ ಒಂದೇ ಪದ ಅಂದುಕೊಂಡು ಮುಂದಿನ ಸಾಲಿಗೆ ಹೋಗುತ್ತದೆ, ಅಲ್ಲಿ ಎಡವಿ ಆ ಸಾಲಿನ ಸಂಖ್ಯೆಯನ್ನು ದೋಷ ಅಂತ ತೋರಿಸುತ್ತದೆ. ತಪ್ಪು ಎರಡನೆಯ ಸಾಲಿನಲ್ಲಿ, ಬೊಟ್ಟು ಮೂರನೆಯ ಸಾಲಿಗೆ. ಆದ್ದರಿಂದ ದೋಷ ತೋರಿಸಿದ ಸಾಲು ಎಷ್ಟು ನೋಡಿದರೂ ಸರಿಯಾಗೇ ಕಂಡರೆ ಅದರ ಮೇಲಿನ ಸಾಲನ್ನು ನೋಡಿ.

ಆಟದ ಹೆಸರು ಯಾಮಲ್‌ನಲ್ಲಿ ಎರಡು ಕಡೆ ಬರುತ್ತದೆ: "ಗೇಮ್" ಎದುರಿಗೆ ಒಮ್ಮೆ, ಆಯ್ಕೆಗಳ ವಿಭಾಗದ ತಲೆಬರಹವಾಗಿ ಇನ್ನೊಮ್ಮೆ. ಎರಡೂ ಅಕ್ಷರ ಅಕ್ಷರ ಒಂದೇ ಇರಬೇಕು. ಇಲ್ಲಿ ತಪ್ಪಿದರೆ ಜೋರಾಗಿ ಕೂಗುತ್ತದೆ, ಅದು ಒಳ್ಳೆಯದೇ. ಆದರೆ ಯಾವುದೋ ಒಂದು ಆಯ್ಕೆಯ ಹೆಸರನ್ನು ತಪ್ಪಾಗಿ ಬರೆದರೆ ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲು ಬಿಟ್ಟು, ಆ ಆಯ್ಕೆಯ ಮೂಲ ಬೆಲೆಯನ್ನೇ (ಡಿಫಾಲ್ಟ್) ಹಿಡಿದು ಸೀಡ್ ತಯಾರಾಗಿಬಿಡುತ್ತದೆ. ಆಟ ಅರ್ಧಕ್ಕೆ ಬಂದಾಗ "ನಾನು ಡೆತ್‌ಲಿಂಕ್ ಹಾಕಿದ್ದೆನಲ್ಲ?" ಅಂತ ಕೇಳುವವರ ಕಥೆ ಇದು (ಒಬ್ಬರು ಸತ್ತರೆ ಅದನ್ನು ಆನ್ ಮಾಡಿದವರೆಲ್ಲ ಸಾಯುವ ಆಯ್ಕೆ ಅದು).

ಸ್ಲಾಟ್ ಹೆಸರಿಗೆ 16 ಅಕ್ಷರಗಳ ಮಿತಿ. ಹೆಚ್ಚಾದದ್ದನ್ನು ಸದ್ದಿಲ್ಲದೆ ಕತ್ತರಿಸಿ ಹಾಕುತ್ತದೆ, ಆಮೇಲೆ ನೀವು ಪೂರ್ತಿ ಹೆಸರು ಕೊಟ್ಟರೆ ಸರ್ವರ್ ಗುರುತಿಸುವುದಿಲ್ಲ. ಕನ್ನಡದಲ್ಲೇ ಹೆಸರಿಡುವ ಆಸೆ ನನಗೂ ಇತ್ತು. ಆದರೆ ಲೆಕ್ಕಕ್ಕೆ ಹಿಡಿಯುವುದು ಒಳಗಿನ ಸಂಕೇತಗಳನ್ನು: "ಶ್ರೀ" ನಮ್ಮ ಕಣ್ಣಿಗೆ ಒಂದು, ಯಂತ್ರಕ್ಕೆ ನಾಲ್ಕು. ಹಳೆಯ ಆಟಗಳ ಅಕ್ಷರ ಪಟ್ಟಿಯಲ್ಲಿ ಕನ್ನಡ ಇಲ್ಲವೇ ಇಲ್ಲ. ಸದ್ಯಕ್ಕೆ ರೋಮನ್ ಅಕ್ಷರಗಳಲ್ಲಿ ಚಿಕ್ಕದೊಂದು ಹೆಸರಿಟ್ಟು ಮುಂದೆ ಹೋಗಿ. "ಯೆಸ್", "ನೋ", "ಆನ್", "ಆಫ್" ಇಂಥವನ್ನಾಗಲಿ ಬರೀ ಅಂಕಿಗಳನ್ನಾಗಲಿ ಹೆಸರಾಗಿ ಇಡುವುದಾದರೆ ಉದ್ಧರಣ ಚಿಹ್ನೆಗಳ ಒಳಗೆ ಬರೆಯಿರಿ. ಇಲ್ಲದಿದ್ದರೆ ಯಾಮಲ್ ಅವನ್ನು ಹೌದು-ಅಲ್ಲ ಎಂಬ ಬೆಲೆಯಾಗಿಯೋ ಸಂಖ್ಯೆಯಾಗಿಯೋ ಓದುತ್ತದೆ.

ಪ್ಲೇಯರ್ಸ್ ಫೋಲ್ಡರ್‌ನಲ್ಲಿ ಉಳಿದುಹೋದ ಹಳೆಯ ಫೈಲ್ ಇನ್ನೊಂದು ಕಾಟ. ಅದೇ ಹೆಸರಿದ್ದರೆ ಹೆಸರು ಎರಡು ಸಲ ಬಂದಿದೆ ಅಂತ ನಿಲ್ಲುತ್ತದೆ, ಬಚಾವ್. ಬೇರೆ ಹೆಸರಿದ್ದರೆ ಹೋದ ವಾರದ ಆಟಗಾರನೊಬ್ಬ ದೆವ್ವದಂತೆ ಈ ಸೀಡ್‌ಗೂ ಸೇರಿಕೊಳ್ಳುತ್ತಾನೆ. ಅವನ ಪೆಟ್ಟಿಗೆಗಳಲ್ಲಿ ನಿಮ್ಮೆಲ್ಲರ ವಸ್ತುಗಳು ಇರುತ್ತವೆ, ತೆರೆಯುವವರು ಮಾತ್ರ ಯಾರೂ ಇರುವುದಿಲ್ಲ. ಅಪ್‌ಲೋಡ್ ಮಾಡುವ ಮುನ್ನ ಲಾಗ್‌ನಲ್ಲಿ ಆಟಗಾರರ ಸಂಖ್ಯೆ ಎಣಿಸಿ. ಆಟ ಶುರುವಾದ ಮೇಲೆ ತಿಳಿದರೆ, ರೂಮ್ (ಆ ಸೀಡ್ ನಡೆಯುವ ಸರ್ವರ್ ಜಾಗ) ತೆರೆದವರು ಸರ್ವರ್ ಆಜ್ಞೆಯ ಜಾಗದಲ್ಲಿ "/ರಿಲೀಸ್" ಅಂತ ಬರೆದು ಮುಂದೆ ಆ ಸ್ಲಾಟ್ ಹೆಸರು ಕೊಟ್ಟರೆ ಅದರೊಳಗಿನದೆಲ್ಲ ಎಲ್ಲರಿಗೂ ಹಂಚಿಹೋಗುತ್ತದೆ.

ಫಿಲ್‌ಎರರ್ ಅಂತ ಬಂದರೆ ಅದು ಬರವಣಿಗೆಯ ತಪ್ಪಲ್ಲ. ವಸ್ತುಗಳನ್ನು ಇಡಲು ಹೊಂದುವ ಜಾಗ ಸಿಗಲಿಲ್ಲ ಅಂತ ಅರ್ಥ. ಶುರುವಿನಲ್ಲಿ ತಲುಪಬಹುದಾದ ಜಾಗಗಳೇ ನಾಲ್ಕೈದು ಇರುವ ಆಟವೊಂದು ಒಂಟಿಯಾಗಿದ್ದಾಗ ಹೀಗಾಗುವುದು ಹೆಚ್ಚು. ಒಂದೆರಡು ಸಲ ಮತ್ತೆ ಜನರೇಟ್ ಮಾಡಿ ನೋಡಿ, ಕಲಸುವುದು ಪ್ರತಿ ಸಲ ಬೇರೆ ರೀತಿ ತಾನೆ. ಮೂರನೆಯ ಸಲವೂ ಆಗದಿದ್ದರೆ ಬಿಗಿ ಸಡಿಲಿಸಿ: ಇಂಥ ವಸ್ತು ನನ್ನ ಆಟದಲ್ಲೇ ಇರಲಿ ಎಂಬ ಪಟ್ಟಿ, ಇಂಥ ಜಾಗದಲ್ಲಿ ಮುಖ್ಯವಾದದ್ದು ಬೇಡ ಎಂಬ ಪಟ್ಟಿ, ಇವೆರಡೂ ಉದ್ದವಾದಷ್ಟೂ ಸಿಕ್ಕು ಹೆಚ್ಚು. ಯಾರ ಫೈಲ್ ಅಂತ ಗೊತ್ತಾಗದಿದ್ದರೆ ಅರ್ಧ ಫೈಲ್‌ಗಳನ್ನು ಹೊರಗಿಟ್ಟು ಜನರೇಟ್ ಮಾಡಿ. ಆಯಿತೇ, ದೋಷ ಹೊರಗಿಟ್ಟ ಅರ್ಧದಲ್ಲಿ. ಹೀಗೆ ಅರ್ಧ ಮಾಡುತ್ತಾ ಹೋದರೆ ಎಂಟು ಜನರಲ್ಲಿ ಒಬ್ಬರನ್ನು ಹಿಡಿಯಲು ಮೂರು ಸುತ್ತು ಸಾಕು.

ಆರ್ಕಿಪೆಲಗೊ ಜೊತೆಗೇ ಬರದ ಆಟಗಳಿಗೆ ಎಪಿವರ್ಲ್ಡ್ ಎಂಬ ಫೈಲ್ ಬೇಕು, ಅದು ಕಸ್ಟಮ್ ವರ್ಲ್ಡ್ಸ್ ಫೋಲ್ಡರ್‌ನಲ್ಲಿರಬೇಕು, ಹಾಕಿದ ಮೇಲೆ ಲಾಂಚರ್ ಮುಚ್ಚಿ ತೆರೆಯಬೇಕು. ಇಂಥ ಆಟ ಒಂದಿದ್ದರೂ ವೆಬ್‌ಸೈಟ್‌ನಲ್ಲಿ ಜನರೇಟ್ ಮಾಡಲಾಗದು. ನಿಮ್ಮ ಕಂಪ್ಯೂಟರಿನಲ್ಲೇ ತಯಾರಿಸಿ, ಔಟ್‌ಪುಟ್ ಫೋಲ್ಡರ್‌ಗೆ ಬಂದ ಜಿಪ್ ಅನ್ನು ಅಲ್ಲಿಗೆ ಅಪ್‌ಲೋಡ್ ಮಾಡಬಹುದು. ಜನರೇಟ್ ಮಾಡಿದವರ ಎಪಿವರ್ಲ್ಡ್ ಆವೃತ್ತಿ ಮತ್ತು ಆಡುವವರ ಆವೃತ್ತಿ ಒಂದೇ ಇರಲಿ. ಆಟ ಮುಗಿಯುವ ತನಕ ಯಾರೂ ಏನನ್ನೂ ಅಪ್‌ಡೇಟ್ ಮಾಡದಿರಲಿ, ಆಟದ ಮೂಲ ಪ್ರತಿ ತಾನಾಗಿ ಅಪ್‌ಡೇಟ್ ಆಗುವುದನ್ನೂ ತಡೆಹಿಡಿಯಿರಿ. ಮೋಡ್ (ಮೂಲ ಆಟಕ್ಕೆ ಸೇರಿಸುವ ಮಾರ್ಪಾಡು) ಮೇಲೆ ನಿಂತ ಆಟಗಳು ರಾತ್ರೋರಾತ್ರಿ ಕೆಡುವುದಕ್ಕೆ ಇದೇ ಮೊದಲ ಕಾರಣ.

ಕನೆಕ್ಟ್ ಆಗುತ್ತಿಲ್ಲ

ಸರ್ವರ್ ಏನೂ ಉತ್ತರಿಸದಿದ್ದರೆ ಒಂದು ವಿಷಯ, ಉತ್ತರಿಸಿ ಹೊರದಬ್ಬಿದರೆ ಇನ್ನೊಂದು.

ಉತ್ತರವೇ ಇಲ್ಲ ಅಂದರೆ ಬಹುಶಃ ರೂಮ್ ಮಲಗಿದೆ. ಆರ್ಕಿಪೆಲಗೊ ವೆಬ್‌ಸೈಟ್‌ನಲ್ಲಿನ ರೂಮ್ 2 ಗಂಟೆ ಯಾವ ಚಟುವಟಿಕೆಯೂ ಇಲ್ಲದಿದ್ದರೆ ತಾನಾಗಿ ನಿಲ್ಲುತ್ತದೆ. ಆಟ ಅಳಿಸಿಹೋಗಿರುವುದಿಲ್ಲ. ಯಾರಾದರೊಬ್ಬರು ರೂಮ್ ಪುಟವನ್ನು ರಿಫ್ರೆಶ್ ಮಾಡಿದರೆ ಮತ್ತೆ ಏಳುತ್ತದೆ. ನಿಮ್ಮ ಮನೆಯಲ್ಲೇ ಸರ್ವರ್ ನಡೆಸುತ್ತಿದ್ದರೆ ಮೂಲ ಪೋರ್ಟ್ 38281. ಹೊರಗಿನವರು ಬರಬೇಕಾದರೆ ರೌಟರ್‌ನಲ್ಲಿ ಅದನ್ನು ತೆರೆದಿರಬೇಕು. ಹೊಸಬರು ವೆಬ್‌ಸೈಟ್ ರೂಮ್ ಬಳಸುವುದೇ ಮೇಲು.

ಹೊರದಬ್ಬುವಾಗ ಕಾರಣ ಹೇಳುತ್ತದೆ. "ಇನ್‌ವ್ಯಾಲಿಡ್ ಸ್ಲಾಟ್" ಅಂದರೆ ಹೆಸರು ಸಿಗಲಿಲ್ಲ ಅಂತ. ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ಕೊನೆಯಲ್ಲಿ ಅಂಟಿಕೊಂಡ ಸ್ಪೇಸ್ ಕೂಡ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಒಮ್ಮೆ ಹಿಂದಿನ ದಿನ ಚೆನ್ನಾಗಿ ಆಡಿದ ಆಟಕ್ಕೆ ಮರುದಿನ ಹೋದರೆ ಇದೇ ಸಂದೇಶ. ಹೆಸರನ್ನು ಹತ್ತು ಸಲ ಟೈಪ್ ಮಾಡಿದೆ, ಯಾಮಲ್ ತೆರೆದು ನಕಲು ಮಾಡಿ ಅಂಟಿಸಿದೆ, ಗೆಳೆಯನ ಮೇಲೆ ರೇಗಿದೆ. ಹೆಸರು ಸರಿಯಾಗೇ ಇತ್ತು. ರೂಮ್ ಮಲಗಿ ಎದ್ದಾಗ ಪೋರ್ಟ್ ಬದಲಾಗಿತ್ತು, ಹಳೆಯ ಪೋರ್ಟ್‌ನಲ್ಲಿ ಆಗ ಬೇರೆ ಯಾರದೋ ಆಟ ನಡೆಯುತ್ತಿತ್ತು. ನಾನು ಅಪರಿಚಿತರ ಮನೆ ಬಾಗಿಲು ಬಡಿದು "ನಾನು ಗೊತ್ತಿಲ್ಲವೇ" ಅಂತ ಮುಕ್ಕಾಲು ಗಂಟೆ ಕೇಳಿದ್ದೆ. ಅಂದಿನಿಂದ ನಿಯಮ ಒಂದೇ: ಪೋರ್ಟ್ ಅನ್ನು ನೆನಪಿನಿಂದ ಹೊಡೆಯುವುದಿಲ್ಲ, ಪ್ರತಿ ಸಲ ರೂಮ್ ಪುಟದಿಂದ ನೋಡಿ ಹಾಕುತ್ತೇನೆ.

"ಇನ್‌ವ್ಯಾಲಿಡ್ ಗೇಮ್" ಬಂದರೆ ಆ ಸ್ಲಾಟ್ ಬೇರೆ ಆಟದ್ದು, ನೀವು ತೆರೆದಿರುವ ಕ್ಲೈಂಟ್ ತಪ್ಪು. "ಇನ್‌ಕಂಪ್ಯಾಟಿಬಲ್ ವರ್ಷನ್" ಬಂದರೆ ನಿಮ್ಮ ಕ್ಲೈಂಟ್ ಅಥವಾ ಮೋಡ್ ಹಳೆಯದು. ಮೇಲೆ ಅಪ್‌ಡೇಟ್ ಬೇಡ ಅಂದಿದ್ದೆ, ಇದೊಂದು ಸಂದರ್ಭಕ್ಕೆ ವಿನಾಯಿತಿ.

ಕನೆಕ್ಟ್ ಆಗಿದೆ, ಆದರೂ ಏನೂ ಇಲ್ಲ

ಮೊದಲು ಒಂದು ಪೆಟ್ಟಿಗೆ ತೆರೆದು ಒಳಗೆ ಏನಿದೆ ನೋಡಿ. ಮೂಲ ಆಟದಲ್ಲಿ ಅಲ್ಲಿ ಇರಬೇಕಾದದ್ದೇ ಇದ್ದರೆ ನೀವು ಪ್ಯಾಚ್ ಆಗದ, ಅಂದರೆ ಈ ಸೀಡ್‌ಗೆ ತಕ್ಕಂತೆ ಬದಲಾಗದ ಪ್ರತಿಯನ್ನು ಆಡುತ್ತಿದ್ದೀರಿ. ಪ್ಯಾಚ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಹೊಸ ರಾಮ್ ಫೈಲ್ (ಆಟದ ಪ್ರತಿ) ಅದರ ಪಕ್ಕದಲ್ಲೇ ತಯಾರಾಗುತ್ತದೆ, ತೆರೆಯಬೇಕಾದದ್ದು ಅದನ್ನು. ಪ್ಯಾಚ್ ಆಗುವಾಗಲೇ ನಿಂತರೆ ನಿಮ್ಮ ಮೂಲ ರಾಮ್ ಬೇರೆ ಆವೃತ್ತಿಯದ್ದು. ಚೆಕ್‌ಸಮ್ (ಫೈಲಿನ ಗುರುತಿನ ಸಂಖ್ಯೆ) ಹೊಂದದಿದ್ದರೆ ಒಪ್ಪುವುದಿಲ್ಲ. ಎ ಲಿಂಕ್ ಟು ದ ಪಾಸ್ಟ್‌ಗೆ ಜಪಾನಿನ 1.0 ಆವೃತ್ತಿಯೇ ಬೇಕು, ಅಮೆರಿಕದ್ದು ನಡೆಯುವುದಿಲ್ಲ. ಇಂಗ್ಲಿಷ್ ಪ್ರತಿ ಇಟ್ಟುಕೊಂಡವರು ಮೊದಲು ಮುಗ್ಗರಿಸುವುದು ಇಲ್ಲೇ.

ಬಿಜ್‌ಹಾಕ್ ಎಂಬ ಎಮ್ಯುಲೇಟರ್ ಬಳಸುವವರು ಕ್ರಮ ತಪ್ಪಬೇಡಿ: ಮೊದಲು ಪ್ಯಾಚ್ ಆದ ಆಟ ತೆರೆದು, ಆಮೇಲೆ ಅದರ ಲುವಾ ಕನ್ಸೋಲ್ ಎಂಬ ಸ್ಕ್ರಿಪ್ಟ್ ಕಿಟಕಿಯಲ್ಲಿ ಆರ್ಕಿಪೆಲಗೊ ಜೊತೆ ಬಂದ ಕನೆಕ್ಟರ್ ಸ್ಕ್ರಿಪ್ಟ್. ಆಡುವಾಗ ಆ ಕನ್ಸೋಲ್ ಕಿಟಕಿ ಮುಚ್ಚಬಾರದು, ಮುಚ್ಚಿದರೆ ಸ್ಕ್ರಿಪ್ಟೂ ಸತ್ತಿತು. ಇನ್ನು, ಕ್ಲೈಂಟ್ ಕಿಟಕಿಗೆ ಬಂದಾಗಲೆಲ್ಲ ಸಂಪರ್ಕ ಕಡಿಯುತ್ತದೆ, ಆಟಕ್ಕೆ ಮರಳಿದರೆ ಸರಿಯಾಗುತ್ತದೆ ಅನ್ನುವವರು ಕಾನ್ಫಿಗ್ ಮೆನುವಿನ ಕಸ್ಟಮೈಸ್‌ನಲ್ಲಿ "ರನ್ ಇನ್ ಬ್ಯಾಕ್‌ಗ್ರೌಂಡ್" ಗುರುತು ಹಾಕಿಕೊಳ್ಳಿ. ಕಿಟಕಿ ಬದಲಿಸಿದ ಕೂಡಲೇ ಎಮ್ಯುಲೇಟರ್ ಉಸಿರು ಬಿಗಿಹಿಡಿದು ನಿಂತರೆ ಕ್ಲೈಂಟ್ ಯಾರ ಜೊತೆ ಮಾತಾಡಬೇಕು? ನಿಮ್ಮ ಎಮ್ಯುಲೇಟರ್ ರೆಟ್ರೋಆರ್ಕ್ ಆದರೆ ನೆಟ್‌ವರ್ಕ್ ಕಮಾಂಡ್ಸ್ ಆನ್ ಇರಬೇಕು, ಪೋರ್ಟ್ 55355 ಇದ್ದ ಹಾಗೇ ಇರಬೇಕು.

ಎಲ್ಲವೂ ಸರಿ ಇದ್ದು ಐಟಂ ತಡವಾದರೆ ಸ್ವಲ್ಪ ತಾಳಿ. ಮೆನುವಿನಲ್ಲಿ ಇದ್ದಾಗ, ಕಥೆಯ ದೃಶ್ಯ ಓಡುವಾಗ ಅನೇಕ ಆಟಗಳು ಐಟಂ ತೆಗೆದುಕೊಳ್ಳುವುದಿಲ್ಲ. ಪಾತ್ರ ನಿಮ್ಮ ಕೈಗೆ ಬಂದ ಮೇಲೆ ಒಂದೊಂದಾಗಿ ಇಳಿಯುತ್ತವೆ.

ಹಳೆಯ ಸೇವ್: ಇದೊಂದಕ್ಕೆ ಮದ್ದಿಲ್ಲ

ಮೇಲಿನ ಎಲ್ಲವನ್ನೂ ಸರಿಪಡಿಸಬಹುದು. ಇದನ್ನು ಆಗುವುದಿಲ್ಲ, ಆದ್ದರಿಂದ ನಿಧಾನವಾಗಿ ಓದಿ.

ಆಟದ ಕ್ಲೈಂಟ್ ಕನೆಕ್ಟ್ ಆದ ಕೂಡಲೇ ನಿಮ್ಮ ಸೇವ್‌ನಲ್ಲಿ ಯಾವ ಯಾವ ಜಾಗ ಈಗಾಗಲೇ ತೆರೆದಿದೆ ಅಂತ ನೋಡಿ, ಅವನ್ನೆಲ್ಲ ಸರ್ವರ್‌ಗೆ ವರದಿ ಮಾಡುತ್ತದೆ. ಇಂಟರ್‌ನೆಟ್ ಹೋದಾಗ ಆಡಿದ್ದು ವ್ಯರ್ಥವಾಗಬಾರದು ಎಂಬುದಕ್ಕೆ ಈ ವ್ಯವಸ್ಥೆ, ಒಳ್ಳೆಯದೇ. ಆದರೆ ಹೋದ ತಿಂಗಳು ಮುಗಿಸಿದ ಬೇರೆ ಸೀಡ್‌ನ ಸೇವ್ ತೆರೆದು ಹೊಸ ರೂಮ್‌ಗೆ ಕನೆಕ್ಟ್ ಆದರೆ? ನೂರಾರು ಚೆಕ್‌ಗಳು ಒಂದೇ ಉಸಿರಿಗೆ ಹೊರಟುಬಿಡುತ್ತವೆ. ಎಲ್ಲರ ಪರದೆಯಲ್ಲೂ ಐಟಂಗಳ ಮಳೆ, ಅರ್ಧ ಆಟ ಖಾಲಿ. ಸರ್ವರ್‌ಗೆ ಒಮ್ಮೆ ಹೋದ ಚೆಕ್ ವಾಪಸ್ ಬರುವುದಿಲ್ಲ. ಕೆಲವು ಆಟಗಳ ಮೋಡ್‌ಗಳು ಸೀಡ್ ಹೋಲಿಸಿ ತಡೆಯುತ್ತವೆ, ಎಲ್ಲವೂ ಅಲ್ಲ. ಹೊಸ ಸೀಡ್‌ಗೆ ಹೊಸ ಸೇವ್, ಮೊದಲು ಸೇವ್ ತೆರೆದು ಕಣ್ಣಿಂದ ನೋಡಿ ಆಮೇಲೆ ಕನೆಕ್ಟ್. ಎಮ್ಯುಲೇಟರ್‌ನ ಸೇವ್ ಸ್ಟೇಟ್ ಬಳಸುವ ಚಟ ಇರುವವರಿಗೆ ಇದು ಇನ್ನೂ ಜಾಸ್ತಿ ಅನ್ವಯ.

ಇದಕ್ಕೆ ತದ್ವಿರುದ್ಧ ಭಯ ಹಲವರಿಗೆ: ಆಟ ಕ್ರ್ಯಾಶ್ ಆಯಿತು, ಬಂದ ಐಟಂಗಳೆಲ್ಲ ಹೋದವು. ಹೋಗಿಲ್ಲ. ನಿಮಗೆ ಕಳಿಸಿದ ಪ್ರತಿಯೊಂದೂ ಸರ್ವರ್‌ನಲ್ಲಿ ಕ್ರಮಸಂಖ್ಯೆ ಸಮೇತ ಇದೆ. ಮತ್ತೆ ಕನೆಕ್ಟ್ ಆದಾಗ ಬಾಕಿ ಇದ್ದದ್ದು ಬರುತ್ತದೆ.

ದೋಷವೇ ಅಲ್ಲದ ದೋಷ

ಒಬ್ಬರು ಗುರಿ ಮುಟ್ಟಿದ ಕೂಡಲೇ ಎಲ್ಲರಿಗೂ ರಾಶಿ ಐಟಂ ಬಂದರೆ ಅದು ರಿಲೀಸ್, ಮುಗಿಸಿದವರ ಆಟದಲ್ಲಿ ಉಳಿದದ್ದನ್ನು ಹಂಚುವ ಏರ್ಪಾಡು. ಡೆತ್‌ಲಿಂಕ್‌ನಲ್ಲಿ ಒಬ್ಬರು ಸತ್ತರೂ ಇನ್ನೊಬ್ಬರು ಸಾಯದಿದ್ದರೆ ಆ ಇನ್ನೊಬ್ಬರು ಅದನ್ನು ಆನ್ ಮಾಡಿಲ್ಲ, ಅಷ್ಟೇ.

ಅತಿ ಹೆಚ್ಚು ಬರುವ ದೂರು ಮಾತ್ರ "ಸೀಡ್ ಕೆಟ್ಟಿದೆ, ಮುಂದೆ ಹೋಗಲು ದಾರಿಯೇ ಇಲ್ಲ". ನಿಮ್ಮ ಆಟದಲ್ಲಿ ತಲುಪಬಹುದಾದದ್ದೆಲ್ಲ ಮುಗಿದು ಬೇರೆಯವರಿಗಾಗಿ ಕಾಯುವ ಸ್ಥಿತಿಗೆ ಆಡುವವರು "ಬಿಕೆ" ಅನ್ನುತ್ತಾರೆ. ಅದು ಮಾಮೂಲು. ಅದು ಹೆಚ್ಚೆಂದು ಅನಿಸಿದರೆ ಮುಂದಿನ ಸಲ ಯಾಮಲ್‌ನಲ್ಲಿ ಪ್ರೋಗ್ರೆಷನ್ ಬ್ಯಾಲೆನ್ಸಿಂಗ್ (ಮುಂದೆ ಹೋಗಲು ಬೇಕಾದ ವಸ್ತು ಬೇಗ ಸಿಗುವಂತೆ ಮಾಡುವ ಆಯ್ಕೆ) ಏರಿಸಿ: ಮೂಲ ಬೆಲೆ 50, ಗರಿಷ್ಠ 99. ಸದ್ಯಕ್ಕೆ "!ಮಿಸ್ಸಿಂಗ್" ಟೈಪ್ ಮಾಡಿ ಉಳಿದ ಚೆಕ್‌ಗಳ ಪಟ್ಟಿ ತೆಗೆಯಿರಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ಆ ಪಟ್ಟಿಯಲ್ಲೇ "ಅಯ್ಯೋ, ಅಲ್ಲಿಗೆ ಹೋಗೇ ಇಲ್ಲ" ಅನ್ನುವ ಜಾಗವೊಂದು ಕೂತಿರುತ್ತದೆ. ಟ್ರ್ಯಾಕರ್ (ಚೆಕ್‌ಗಳ ಲೆಕ್ಕ ಇಡುವ ತಂತ್ರಾಂಶ) ಇದ್ದರೆ ಇದನ್ನು ನಕ್ಷೆಯಲ್ಲೇ ತೋರಿಸುತ್ತದೆ.

ಬೇಕಾದ ವಸ್ತು ಯಾರ ಬಳಿ ಇದೆ ಅಂತ ಕೇಳಲು "!ಹಿಂಟ್" ಜೊತೆ ವಸ್ತುವಿನ ಹೆಸರು. ಉತ್ತರ ಬರದೆ ಅಂಕಗಳ ಲೆಕ್ಕ ಬಂದರೆ ಅದೂ ದೋಷವಲ್ಲ. ಮೂಲ ಹೊಂದಿಕೆಯಲ್ಲಿ ಪ್ರತಿ ಚೆಕ್‌ಗೆ 1 ಅಂಕ, ಒಂದು ಹಿಂಟ್‌ಗೆ ನಿಮ್ಮ ಆಟದ ಒಟ್ಟು ಚೆಕ್‌ಗಳ ಶೇ. 10. ಅಂದರೆ 200 ಚೆಕ್ ಇರುವ ಆಟದಲ್ಲಿ 20 ಪೆಟ್ಟಿಗೆ ತೆರೆದರೆ ಒಂದು ಹಿಂಟ್.

ಇಷ್ಟಾದರೂ ದಾರಿ ಇಲ್ಲವೆಂದೇ ಅನ್ನಿಸಿದರೆ ಜಿಪ್ ಒಳಗೆ ಸ್ಪಾಯ್ಲರ್ ಫೈಲ್ ಇದೆಯೇ ನೋಡಿ. ಅದರ ಪ್ಲೇಥ್ರೂ ಭಾಗದಲ್ಲಿ ಯಾವ ವಸ್ತು ಯಾವ ಹಂತದಲ್ಲಿ ಸಿಗಬೇಕು ಅಂತ ಹಂತ ಹಂತವಾಗಿ ಬರೆದಿರುತ್ತದೆ. ನೀವೇ ತೆರೆಯಬೇಡಿ, ಉಳಿದ ಆಟ ಸಪ್ಪೆಯಾಗುತ್ತದೆ. ಆಡದ ಒಬ್ಬರ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: "ನನಗೆ ಮುಂದೆ ಬೇಕಾದ ವಸ್ತು ನನ್ನ ಆಟದಲ್ಲಿ ಇದೆಯೇ, ಬೇರೆಯವರ ಆಟದಲ್ಲೇ?" ಜಾಗದ ಹೆಸರು ಹೇಳುವುದು ಬೇಡ, ಯಾರ ಆಟ ಅಂತ ಹೇಳಿದರೆ ಸಾಕು.